ಸಾರುವ ಧರ್ಮ, ಕಲಿಯುವ ಭಾಷೆ: ಕನ್ನಡ ನಾಡಿನಲ್ಲಿ ಕ್ರೈಸ್ತ ಸಭೆಯ ಮೂಲಕಾರ್ಯ

ಬಸವಕಲ್ಯಾಣ ಮತ್ತು ಹುಮನಾಬಾದ ಸೀಮೆಯಲ್ಲಿ ಕೊಹಿನೂರ ಎಂಬ ಊರಿದೆ. ಹೆಸರು ಕೇಳಿದ ಹೊರಗಿನವರಿಗೆ ಮೊದಲು ನೆನಪಾಗುವುದು ವಜ್ರ. ಪಾರಸಿಯಲ್ಲಿ ಆ ಪದಕ್ಕೆ ಬೆಳಕಿನ ಬೆಟ್ಟವೆಂದು ಅರ್ಥ. ಕನ್ನಡ, ಮರಾಠಿ, ದಖನಿ ಉರ್ದು ಈ ಮೂರೂ ಒಂದೇ ಸಂತೆಯಲ್ಲಿ ಕಿವಿಗೆ ಬೀಳುವ ಸೀಮೆ ಇದು. ಪೂರ್ವಕ್ಕೆ ನಡೆದಂತೆ ತೆಲುಗೂ ಸೇರಿಕೊಳ್ಳುತ್ತದೆ. ಇಲ್ಲಿಗೆ ದಕ್ಷಿಣದಲ್ಲಿ ರಾಷ್ಟ್ರಕೂಟರ ಮಾನ್ಯಖೇಟ, ಜೈನ ವಾಙ್ಮಯದ ತವರು. ಸನಿಹದಲ್ಲೇ ಕಲ್ಯಾಣ, 11ನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನ ಕಾಲಕ್ಕೆ ಚಾಲುಕ್ಯರ ರಾಜಧಾನಿಯಾದದ್ದು, 12ನೆಯ ಶತಮಾನದಲ್ಲಿ ಶರಣರ ಊರಾದದ್ದು. ಕಲಬುರಗಿಯಲ್ಲಿ ಬಂದೇ ನವಾಜರ ದರ್ಗಾ. 19ನೆಯ ಶತಮಾನದ ಕೊನೆಯ ಹೊತ್ತಿಗೆ ಈ ಸಾಲಿಗೆ ಮತ್ತೊಂದು ಸೇರಿತು: ಅಮೆರಿಕದ ಮೆಥಡಿಸ್ಟ್ ಮಿಶನ್. ನಿಜಾಮರ ಆಳ್ವಿಕೆಯಲ್ಲಿದ್ದ ಬೀದರ ಸೀಮೆಯ ಹಳ್ಳಿಗಳ ಅಂಚಿನ ಕೇರಿಗಳಲ್ಲಿ ಅದು ನೆಲೆಯೂರಿತು.

ಇಷ್ಟು ಧರ್ಮಗಳು ಒಂದೇ ನೆಲದಲ್ಲಿ ತಮ್ಮ ಮಾತನ್ನು ಸಾರಿವೆ. ಸಾರುವುದೆಂದರೇನು, ಯಾತಕ್ಕಾಗಿ ಸಾರಬೇಕು, ಕೇಳಿದವನು ಒಪ್ಪದಿದ್ದರೆ ಏನು ಎಂಬ ಪ್ರಶ್ನೆಗಳನ್ನು ಕೇಳಲು ಇದಕ್ಕಿಂತ ಒಳ್ಳೆಯ ನೆಲ ಸಿಗಲಾರದು. ಕ್ರೈಸ್ತ ಸಭೆಯ ಮೂಲಕಾರ್ಯವನ್ನು ಕುರಿತ ಚರ್ಚೆಯನ್ನು ಸಾಮಾನ್ಯವಾಗಿ ಎರಡು ಬಗೆಯವರು ನಡೆಸುತ್ತಾರೆ: ಸಭೆಯೊಳಗಿನ ದೇವಶಾಸ್ತ್ರಜ್ಞರು ಮತ್ತು ಸಭೆಯನ್ನು ಸಂಶಯದಿಂದ ನೋಡುವ ಹೊರಗಿನವರು. ಸಾಹಿತ್ಯದ ವಿದ್ಯಾರ್ಥಿಗಳು ಈ ಚರ್ಚೆಗೆ ಹೋಗುವುದೇ ಇಲ್ಲ. ಕಿಟ್ಟೆಲರ ನಿಘಂಟನ್ನು ಕಪಾಟಿನಿಂದ ಇಳಿಸಿಕೊಂಡು, ಬೇಕಾದ ಪದ ನೋಡಿ, ಮತ್ತೆ ಅಲ್ಲಿಯೇ ಇಡುತ್ತಾರೆ. ಆ ನಿಘಂಟು ಯಾವ ಕಾರ್ಯದ ಫಲ ಎಂದು ಕೇಳುವುದು ಅವರಿಗೆ ಅಗತ್ಯವೆನಿಸಿಲ್ಲ. ಈ ಮೌನ ಅಷ್ಟು ನಿರಪಾಯದ್ದಲ್ಲ.

ಸಭೆಯ ಕಾರ್ಯಕ್ಕೆ ಆಧಾರವೆಂದು ಕ್ರೈಸ್ತರು ತೋರಿಸುವುದು ಮತ್ತಾಯನ ಸುವಾರ್ತೆಯ 28ನೆಯ ಅಧ್ಯಾಯದ ಕೊನೆಯ ವಾಕ್ಯಗಳನ್ನು. ಪುನರುತ್ಥಾನದ ಬಳಿಕ ಯೇಸು ಶಿಷ್ಯರಿಗೆ ಕೊಟ್ಟ ಆಜ್ಞೆ ಅಲ್ಲಿದೆ: ಎಲ್ಲ ಜನಾಂಗಗಳ ಬಳಿಗೆ ಹೋಗಬೇಕು, ಅವರನ್ನು ಶಿಷ್ಯರನ್ನಾಗಿ ಮಾಡಬೇಕು, ದೀಕ್ಷಾಸ್ನಾನ ಮಾಡಿಸಬೇಕು, ಬೋಧಿಸಬೇಕು. ನಾಲ್ಕು ಕ್ರಿಯಾಪದಗಳ ಈ ಆಜ್ಞೆಯಲ್ಲಿ ಯಾವುದು ಪ್ರಧಾನ ಎಂಬ ಬಗ್ಗೆ ಸಭೆಯೊಳಗೇ ಒಮ್ಮತವಿಲ್ಲ. ಸಭೆಯ ಕಾರ್ಯವನ್ನು ವಿವರಿಸಲು ಗ್ರೀಕಿನ ಮೂರು ಪದಗಳನ್ನು ಮುಂದಿಡುವುದುಂಟು. ಕೆರಿಗ್ಮ ಎಂದರೆ ಸಾರುವಿಕೆ. ಡಯಾಕೊನಿಯ ಎಂದರೆ ಸೇವೆ. ಕೊಯಿನೊನಿಯ ಎಂದರೆ ಸಹಬಾಳ್ವೆ, ಒಂದು ಬಳಗವಾಗಿ ಕೂಡಿ ಬದುಕುವುದು. ಕನ್ನಡ ಕ್ರೈಸ್ತರು ತಮ್ಮ ಚರ್ಚಿಗೆ ‘ಸಭೆ’ ಎಂಬ ಪದವನ್ನು ಆಯ್ದುಕೊಂಡಿದ್ದಾರೆ. ಕಟ್ಟಡಕ್ಕಿಂತ ಕೂಡಿದ ಜನವೇ ಮುಖ್ಯ ಎಂಬ ಅರ್ಥ ಅದರಲ್ಲಿ ತಾನಾಗಿ ಬಂದಿದೆ.

ಜೈನ ಪರಂಪರೆಗೆ ಸಾರುವಿಕೆ ಹೊಸದಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಕೊನೆಯದು ಪ್ರಭಾವನೆ. ಅಜ್ಞಾನದ ಕತ್ತಲೆಯನ್ನು ತಕ್ಕ ರೀತಿಯಲ್ಲಿ ಕಳೆದು ಜಿನಶಾಸನದ ಮಹಿಮೆಯನ್ನು ಪ್ರಕಾಶಪಡಿಸುವುದು ಪ್ರಭಾವನೆ ಎಂದು ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಅದನ್ನು ನಿರೂಪಿಸುತ್ತದೆ. ಸಮವಸರಣದಲ್ಲಿ ತೀರ್ಥಂಕರನ ದಿವ್ಯಧ್ವನಿಯನ್ನು ದೇವತೆಗಳು, ಮನುಷ್ಯರು, ಪಶುಪಕ್ಷಿಗಳು ತಮ್ಮ ತಮ್ಮ ಭಾಷೆಯಲ್ಲಿ ಗ್ರಹಿಸುತ್ತಾರೆ ಎಂಬ ಕಲ್ಪನೆ ನಮ್ಮ ಪುರಾಣಗಳ ಓದುಗರಿಗೆಲ್ಲ ಪರಿಚಿತ. ಅಪೊಸ್ತಲರ ಕೃತ್ಯಗಳು ಎಂಬ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಇದಕ್ಕೆ ಸಮೀಪದ ಪ್ರಸಂಗವೊಂದಿದೆ. ಪಂಚಾಶತ್ತಮ ದಿನದಂದು ಜೆರುಸಲೇಮಿನಲ್ಲಿ ನೆರೆದಿದ್ದ ನಾನಾ ದೇಶದ ಜನ ಗಲಿಲಾಯದ ಬೆಸ್ತರ ಮಾತನ್ನು ತಮ್ಮ ತಮ್ಮ ಹುಟ್ಟುಭಾಷೆಗಳಲ್ಲಿ ಕೇಳಿ ಬೆರಗಾಗುತ್ತಾರೆ. ಎರಡೂ ಕಥನಗಳ ಹಿಂದೆ ಒಂದೇ ತಿಳಿವಳಿಕೆ ಇದೆ: ಸತ್ಯವು ಕೇಳುವವನ ಭಾಷೆಗೆ ಬರಬೇಕು. ವ್ಯತ್ಯಾಸವೂ ಇದೆ. ಸಮವಸರಣದಲ್ಲಿ ಅದು ಕೇವಲಜ್ಞಾನಿಯ ಅತಿಶಯ; ಅಲ್ಲಿ ಯಾರೂ ಭಾಷೆ ಕಲಿಯಲು ಕುಳಿತುಕೊಳ್ಳಬೇಕಾಗಿಲ್ಲ. ಜೆರುಸಲೇಮಿನಲ್ಲಿಯೂ ಅದು ಆ ಒಂದು ದಿನದ ಅದ್ಭುತ. ಆಮೇಲೆ ಬಂದವರಿಗೆ, ಅದು ಜೈನ ಮುನಿಯಾಗಲಿ ಕ್ರೈಸ್ತ ಪಾದ್ರಿಯಾಗಲಿ, ಅತಿಶಯ ಒದಗಲಿಲ್ಲ. ವ್ಯಾಕರಣ ಓದಬೇಕಾಯಿತು.

ಜೈನರು ಇದನ್ನು ಬಹು ಹಿಂದೆಯೇ ಅರಿತಿದ್ದರು. ಮೊದಲು ಪ್ರಾಕೃತ, ಬಳಿಕ ಕನ್ನಡ, ತಮಿಳು, ಅಪಭ್ರಂಶ: ಹೋದಲ್ಲೆಲ್ಲ ಆಯಾ ನಾಡಿನ ಮಾತನ್ನು ಕಲಿತು ಅದಕ್ಕೆ ಕಾವ್ಯವನ್ನೂ ಲಕ್ಷಣಗ್ರಂಥವನ್ನೂ ಕಟ್ಟಿಕೊಟ್ಟರು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಅವಳ ಆಶ್ರಯದಲ್ಲಿ ರನ್ನ 993ರಲ್ಲಿ ಅಜಿತಪುರಾಣವನ್ನು ಮುಗಿಸಿದ. ಶಾಸ್ತ್ರದಾನವೆನ್ನುವುದು ಮುದ್ರಣವಿಲ್ಲದ ಕಾಲದ ಪ್ರಕಟಣೆ. ಆದ್ದರಿಂದ ಕ್ರೈಸ್ತ ಮಿಶನರಿಗಳು ಕನ್ನಡ ಕಲಿತು ಮುದ್ರಣಾಲಯ ಹಾಕಿದಾಗ ಅವರು ಈ ನೆಲದಲ್ಲಿ ತೀರ ಅಪರಿಚಿತವಾದದ್ದೇನನ್ನೂ ಮಾಡಲಿಲ್ಲ.

ಇಷ್ಟೇ ಹೇಳಿ ನಿಲ್ಲಿಸಿದರೆ ಅದು ಅರ್ಧಸತ್ಯ. ಸಾರುವಿಕೆಯ ಇನ್ನೊಂದು ಮುಖವನ್ನೂ ಜೈನ ಸಮಾಜ ಬಲ್ಲದು. ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನ ಶಾಸನ, ಸುಮಾರು 1200ರದ್ದು, ಏಕಾಂತದ ರಾಮಯ್ಯನ ಕಥೆಯನ್ನು ಹೇಳುತ್ತದೆ. ಜೈನರೊಡನೆ ಪಂಥ ಕಟ್ಟಿ, ತನ್ನ ಶಿರವನ್ನು ಕಡಿದುಕೊಂಡು ಮರಳಿ ಪಡೆದು, ಜಿನಬಿಂಬವನ್ನು ಕೆಡವಿದ ಶೈವವೀರ ಆತ. ಜೈನರು ದೂರು ಒಯ್ದದ್ದು ಬಿಜ್ಜಳನ ಬಳಿಗೆ. ಕಲ್ಯಾಣದಿಂದ ನಾಡನ್ನಾಳುತ್ತಿದ್ದ ಆ ಅರಸ ಕೊನೆಗೆ ರಾಮಯ್ಯನಿಗೇ ಜಯಪತ್ರ ಕೊಟ್ಟನೆಂದು ಶಾಸನ ಹೇಳುತ್ತದೆ. ಪವಾಡದ ಭಾಗವನ್ನು ಬಿಟ್ಟರೂ ಉಳಿಯುವ ಸಂಗತಿ ಸ್ಪಷ್ಟ: ಒಬ್ಬರ ಸಾರುವಿಕೆ ಇನ್ನೊಬ್ಬರ ಬಸದಿಯನ್ನು ಬಲಿ ತೆಗೆದುಕೊಳ್ಳಬಲ್ಲದು. ಆದಕಾರಣ ‘ಮಿಶನ್’ ಎಂಬ ಮಾತು ಜೈನ ಓದುಗನ ಕಿವಿಗೆ ಪೂರ್ತಿ ಮಂಗಳಕರವಾಗಿ ಕೇಳಿಸುವುದಿಲ್ಲ. ಈ ಎರಡೂ ನೆನಪುಗಳನ್ನು, ಶಾಸ್ತ್ರದಾನವನ್ನೂ ಅಬ್ಬಲೂರನ್ನೂ, ಒಟ್ಟಿಗೆ ಇಟ್ಟುಕೊಂಡೇ ಕ್ರೈಸ್ತ ಸಭೆಯ ಕಾರ್ಯವನ್ನು ತೂಗಬೇಕು.

ಕನ್ನಡ ನಾಡಿನಲ್ಲಿ ಪ್ರಾಟೆಸ್ಟೆಂಟ್ ಮಿಶನ್ನಿನ ಮೊದಲ ನೆಲೆಗಳಲ್ಲಿ ಒಂದು ಬಳ್ಳಾರಿ. ಲಂಡನ್ ಮಿಶನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ಬೈಬಲಿನ ಕನ್ನಡ ಅನುವಾದಕ್ಕೆ ಕೈಹಾಕಿದರು. ಅದೇ ಸಂಸ್ಥೆಯ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ಕೋಶವನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ಕೋಶವನ್ನೂ ಹೊರತಂದರು. 1834ರಲ್ಲಿ ಬಾಸೆಲ್ ಮಿಶನ್ನಿನ ಹೇಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಎರಡು ವರ್ಷಗಳ ಬಳಿಕ ಬಂದವರು ಹರ್ಮನ್ ಮೋಗ್ಲಿಂಗ್. 1843ರ ಜುಲೈ 1ರಂದು ಹೊರಟ ‘ಮಂಗಳೂರ ಸಮಾಚಾರ’ದ ಸಂಪಾದಕರೆಂದು ಪತ್ರಿಕೋದ್ಯಮದ ಚರಿತ್ರೆ ಅವರನ್ನು ನೆನೆಯುತ್ತದೆ. 1848ರಿಂದ ಹೊರಬಂದ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆಗಾಗಿ ಸಾಹಿತ್ಯದ ಚರಿತ್ರೆ ನೆನೆಯುತ್ತದೆ. ಮೈಸೂರಿನ ರೆಸಿಡೆಂಟರಾಗಿದ್ದು ನಿವೃತ್ತರಾಗಿ ನೀಲಗಿರಿಯಲ್ಲಿ ನೆಲೆಸಿದ್ದ ಕಸಮೇಜರ್ ಅವರ ಧನಸಹಾಯದಿಂದ ಕಲ್ಲಚ್ಚಿನಲ್ಲಿ ಮುದ್ರಿತವಾದ ಈ ಮಾಲೆಯಲ್ಲಿ ಜೈಮಿನಿ ಭಾರತವಿತ್ತು, ದಾಸರ ಪದಗಳಿದ್ದವು, ಭೀಮಕವಿಯ ಬಸವಪುರಾಣವಿತ್ತು, ಚೆನ್ನಬಸವಪುರಾಣವಿತ್ತು. ಕಲ್ಯಾಣದ ಕಥೆ ಕಡಲತೀರದಲ್ಲಿ ಒಬ್ಬ ಜರ್ಮನ್ ಪಾದ್ರಿಯ ಕೈಯಿಂದ ಅಚ್ಚಾಯಿತು.

ಮೋಗ್ಲಿಂಗ್ ಇವನ್ನೆಲ್ಲ ಯಾಕೆ ಅಚ್ಚು ಹಾಕಿಸಿದರು? ದಾಸರಲ್ಲಿಯೋ ಶರಣರಲ್ಲಿಯೋ ಭಕ್ತಿ ಹುಟ್ಟಿ ಅಲ್ಲ. ಕನ್ನಡಿಗರಿಗೆ ಸುವಾರ್ತೆ ಹೇಳಬೇಕಾದವನು ಕನ್ನಡಿಗರು ಯಾವುದನ್ನು ಓದಿ, ಹಾಡಿ, ಕೇಳಿ ಬೆಳೆದಿದ್ದಾರೋ ಅದನ್ನು ಬಲ್ಲವನಾಗಿರಬೇಕು ಎಂಬುದು ಅವರ ನಿಲುವು. ಉದ್ದೇಶ ಮತಪ್ರಸಾರವೇ. ಅದನ್ನು ಮುಚ್ಚಿಟ್ಟು ಅವರನ್ನು ಬರಿಯ ಸಾಹಿತ್ಯಸೇವಕರೆಂದು ಹೊಗಳುವುದು ಅವರಿಗೂ ಚರಿತ್ರೆಗೂ ಮಾಡುವ ಅನ್ಯಾಯ. 1844ರ ಜನವರಿಯಲ್ಲಿ ಮಂಗಳೂರಿನ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಕೋಲಾಹಲವಾಯಿತು. ಮನೆಯೊಂದು ಮಗನನ್ನು ಕಳೆದುಕೊಂಡಿತು. ಸಭೆ ಒಬ್ಬ ಬೋಧಕನನ್ನು ಪಡೆಯಿತು. ಒಂದೇ ಘಟನೆಯ ಈ ಎರಡು ವಾಕ್ಯಗಳಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಅದು ಏಕಾಂತವಾದೀತು. 1853ರಲ್ಲಿ ಮೋಗ್ಲಿಂಗ್ ಕೊಡಗಿಗೆ ಹೋದರು. ಅಲ್ಲಿ ಅಸ್ಪೃಶ್ಯರೆನಿಸಿದ್ದ ಜನರಿಗಾಗಿ ಒಂದು ನೆಲೆಯನ್ನು ಕಟ್ಟಿ ಅದಕ್ಕೆ ಆನಂದಪುರ ಎಂದು ತಮ್ಮ ಶಿಷ್ಯನ ಹೆಸರನ್ನೇ ಇಟ್ಟರು.

ದೀಕ್ಷಾಸ್ನಾನ ಪಡೆದವರು ಜಾತಿಯನ್ನು ಕಳೆದುಕೊಂಡಾಗ ಕಸುಬನ್ನೂ ಕಳೆದುಕೊಳ್ಳುತ್ತಿದ್ದರು. ಊಟದ ದಾರಿ ಯಾವುದು ಎಂಬ ಪ್ರಶ್ನೆಗೆ ಬಾಸೆಲ್ ಮಿಶನ್ ಕಂಡುಕೊಂಡ ಉತ್ತರವೇ ನೇಯ್ಗೆಯ ಕಾರ್ಖಾನೆ, ಹೆಂಚಿನ ಕಾರ್ಖಾನೆ. 1865ರಲ್ಲಿ ಆರಂಭವಾದ ಹೆಂಚಿನ ಉದ್ಯಮ ಮಂಗಳೂರಿನ ಹೆಸರನ್ನು ದೂರದೂರದ ಮಾಡುಗಳಿಗೆ ಏರಿಸಿತು. ಸಾರುವಿಕೆ ತಾನಾಗಿಯೇ ಸೇವೆಯನ್ನು ಎಳೆದು ತಂದ ಬಗೆ ಇದು. ಸಾರಿದವನು ಕೇಳಿದವನ ಹೊಟ್ಟೆಗೂ ಹೊಣೆಯಾಗಬೇಕಾಯಿತು.

ಫರ್ಡಿನೆಂಡ್ ಕಿಟ್ಟೆಲರ ಬಾಳಿನಲ್ಲಿ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗಿ ಕಾಣುತ್ತದೆ. 1832ರಲ್ಲಿ ಉತ್ತರ ಜರ್ಮನಿಯ ಪಾದ್ರಿಯೊಬ್ಬರ ಮನೆಯಲ್ಲಿ ಹುಟ್ಟಿ, 1853ರಲ್ಲಿ ಕನ್ನಡ ನಾಡಿಗೆ ಬಂದ ಕಿಟ್ಟೆಲ್ ಪೌಲನ ಮಾತೊಂದನ್ನು ಅಕ್ಷರಶಃ ಸ್ವೀಕರಿಸಿದ್ದರು. ಯೆಹೂದ್ಯರ ನಡುವೆ ಯೆಹೂದ್ಯನಂತಿರಬೇಕೆಂದು ಪೌಲ ಹೇಳಿದ್ದರೆ, ಕನ್ನಡಿಗರ ನಡುವೆ ಕನ್ನಡಿಗನಾಗಿರಬೇಕೆಂದು ಇವರು ತೀರ್ಮಾನಿಸಿದರು. ಜನರಂತೆ ಬದುಕಬೇಕೆಂಬ ಅವರ ಹಟ ಮಿಶನ್ನಿನ ಮೇಲಿನವರಿಗೆ ಹಿಡಿಸಲಿಲ್ಲ. ವಿದ್ವತ್ತಿನ ಕಡೆಗಿನ ಅವರ ಒಲವೂ ಅನುಮಾನಕ್ಕೆ ಎಡೆಯಾಯಿತು. ಬಾಸೆಲಿನಲ್ಲಿ ಕುಳಿತವರ ಲೆಕ್ಕಪುಸ್ತಕದಲ್ಲಿ ದೀಕ್ಷಾಸ್ನಾನಗಳಿಗೆ ಒಂದು ಕಾಲಂ ಇರಬಹುದು. ಕೇಶಿರಾಜನ ಸೂತ್ರದ ಪಾಠಾಂತರಗಳಿಗೆ ಎಲ್ಲಿಯ ಕಾಲಂ?

ಆದರೆ ಕಿಟ್ಟೆಲ್ ಅದನ್ನೇ ಮಾಡಿದರು. 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತನ ಜೀವನವನ್ನು ಕನ್ನಡ ಪದ್ಯದಲ್ಲಿ ಹೇಳಿದರು. 1872ರಲ್ಲಿ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿ ಪ್ರಕಟಿಸಿದರು. ಛಂದೋಂಬುಧಿಯ ಜೊತೆಗೆ ಕನ್ನಡ ಸಾಹಿತ್ಯವನ್ನು ಕುರಿತ ಪ್ರಬಂಧವೊಂದನ್ನು ಸೇರಿಸಿದರು. 13ನೆಯ ಶತಮಾನದ ಜೈನ ವೈಯಾಕರಣ ಕೇಶಿರಾಜ ಸೂಕ್ತಿಸುಧಾರ್ಣವದ ಮಲ್ಲಿಕಾರ್ಜುನನ ಮಗ, ಜನ್ನನ ಸೋದರಳಿಯ. ಕನ್ನಡದ ಶುದ್ಧರೂಪ ಯಾವುದೆಂದು ಕೇಶಿರಾಜ ಹಿಂದಿನ ಕವಿಗಳ ಮಾತನ್ನು ಸೋಸಿ ನಿರ್ಣಯಿಸಿದ್ದ. ಆರು ಶತಮಾನಗಳ ಬಳಿಕ ಒಬ್ಬ ಕ್ರೈಸ್ತ ಬೋಧಕ ಅವನ ಸೂತ್ರಗಳ ಮುಂದೆ ವಿದ್ಯಾರ್ಥಿಯಾಗಿ ಕುಳಿತ. ಬೋಧಿಸಲು ಬಂದವನು ಮೊದಲು ಬೋಧನೆಗೆ ಒಳಗಾಗಬೇಕಾಯಿತು. ಅದೂ ತಾನು ಯಾರಿಗೆ ಬೋಧಿಸಬೇಕೆಂದು ಹೊರಟಿದ್ದನೋ ಅವರ ಪೂರ್ವಿಕರಿಂದಲೇ.

ಆರೋಗ್ಯ ಕೆಟ್ಟು 1877ರಲ್ಲಿ ಜರ್ಮನಿಗೆ ಮರಳಿದ ಕಿಟ್ಟೆಲ್, ಐವತ್ತು ದಾಟಿದ ಮೇಲೆ, 1883ರಲ್ಲಿ ಸಂಸಾರವನ್ನು ಅಲ್ಲಿಯೇ ಬಿಟ್ಟು ಕನ್ನಡ ನಾಡಿಗೆ ಮತ್ತೆ ಬಂದರು. ಬಂದದ್ದು ನಿಘಂಟನ್ನು ಮುಗಿಸಲು. 1892ರಲ್ಲಿ ಹಿಂತಿರುಗಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ 1,752 ಪುಟಗಳ, ಸುಮಾರು 70,000 ಪದಗಳ ‘ಕನ್ನಡ–ಇಂಗ್ಲಿಷ್ ನಿಘಂಟು’ ಹೊರಬಂದಿತು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷ ಅವರು ತೀರಿಕೊಂಡರು.

ಕಿಟ್ಟೆಲ್ ಮತಪ್ರಸಾರದಲ್ಲಿ ಸೋತು ನಿಘಂಟಿನಲ್ಲಿ ಗೆದ್ದರು ಎಂದು ಹೇಳುವುದು ನಮ್ಮ ತರಗತಿಗಳ ರೂಢಿಯಾಗಿಬಿಟ್ಟಿದೆ. ಈ ಮಾತು ಕೇಳಲು ಚೆನ್ನ. ಆದರೆ ಅದರಲ್ಲಿ ಒಂದು ಅಹಂಕಾರ ಅಡಗಿದೆ. ಅವರ ಶ್ರದ್ಧೆಯನ್ನು ಸಿಪ್ಪೆಯೆಂದು ಸುಲಿದು, ನಮಗೆ ಬೇಕಾದ ತಿರುಳನ್ನಷ್ಟೇ ನಾವು ಎತ್ತಿಕೊಳ್ಳುತ್ತೇವೆ. ಕಿಟ್ಟೆಲರಿಗೆ ಅವೆರಡು ಬೇರೆಬೇರೆಯಾಗಿದ್ದುವೇ? ಪಂಪನನ್ನು ಓದುವಾಗ ಆದಿಪುರಾಣವನ್ನು ಬದಿಗಿಟ್ಟು ವಿಕ್ರಮಾರ್ಜುನ ವಿಜಯವನ್ನೇ ಕೊಂಡಾಡುವವರನ್ನು ಜೈನ ವಿದ್ವಾಂಸರು ಬಹುಕಾಲದಿಂದ ಆಕ್ಷೇಪಿಸುತ್ತ ಬಂದಿದ್ದಾರೆ. ಕವಿಯ ಕಾವ್ಯ ಬೇಕು, ಅವನ ಧರ್ಮ ಬೇಡ ಎಂಬ ಓದು ಅಪೂರ್ಣವೆಂದು ವಾದಿಸುತ್ತಾರೆ. ಆ ವಾದ ಪಂಪನಿಗೆ ಸಲ್ಲುವುದಾದರೆ ಕಿಟ್ಟೆಲರಿಗೂ ಸಲ್ಲಬೇಕು. ಒಪ್ಪುವುದು ಬೇರೆ, ಪೂರ್ತಿಯಾಗಿ ನೋಡುವುದು ಬೇರೆ. ಮಿಶನರಿಗಳ ಕರಪತ್ರಗಳು ನಾಡಿನ ದೇವರುಗಳನ್ನೂ ಆಚಾರಗಳನ್ನೂ ಹೀಯಾಳಿಸಿದ್ದುಂಟು. ಪೂರ್ತಿಯಾಗಿ ನೋಡುವವನು ಅದನ್ನೂ ನೋಡಬೇಕು.

ಈಗ ಮತ್ತೆ ಬೀದರ ಸೀಮೆಗೆ ಬರಬಹುದು. ಇಲ್ಲಿಯ ಕಥೆ ಮಂಗಳೂರಿನದಕ್ಕಿಂತ ಭಿನ್ನ. ಇಲ್ಲಿ ಕಿಟ್ಟೆಲರಂತಹ ಕೋಶಕಾರರು ಹುಟ್ಟಲಿಲ್ಲ. ವಿದ್ವತ್ ಪತ್ರಿಕೆಗಳಲ್ಲಿ ಬರೆಯಬಹುದಾದದ್ದು ಕಡಿಮೆ. ಇಲ್ಲಿ ಸಭೆಗೆ ಸೇರಿದವರಲ್ಲಿ ಬಹುಪಾಲು ಜನ ಅಸ್ಪೃಶ್ಯರೆನಿಸಿದ್ದ ಸಮುದಾಯಗಳವರು. ಸೇರಿದ್ದು ಕೌಂಡಿನ್ಯನಂತೆ ಒಬ್ಬೊಬ್ಬರಾಗಿ ಮನೆಬಿಟ್ಟು ಬಂದಲ್ಲ, ಮನೆಮನೆಯಾಗಿ, ಕೇರಿಕೇರಿಯಾಗಿ. ನಿಜಾಮರ ಆಡಳಿತದಲ್ಲಿ ಸರಕಾರದ ಭಾಷೆ ಉರ್ದು. ಕನ್ನಡ ಕಲಿಯುವ ಅನುಕೂಲ ಮೇಲಿನವರಿಗೇ ವಿರಳ. ಅಂತಹ ಕಾಲದಲ್ಲಿ ಕೇರಿಯ ಜನ ಕನ್ನಡ ಬೈಬಲನ್ನೂ ಕನ್ನಡ ಗೀತೆಗಳ ಪುಸ್ತಕವನ್ನೂ ಕೈಯಲ್ಲಿ ಹಿಡಿದರು. ಬಳ್ಳಾರಿಯಲ್ಲಿ ಹ್ಯಾಂಡ್ಸ್ ಮೊದಲಿಟ್ಟ, ಮಂಗಳೂರಿನಲ್ಲಿ ವೈಗಲ್, ಮೋಗ್ಲಿಂಗ್ ಮೊದಲಾದವರು ತಿದ್ದಿದ ಕನ್ನಡ ಹೀಗೆ ಕಲ್ಯಾಣದ ಸೀಮೆಗೆ ಬಂದು ಸೇರಿತು. ಅಕ್ಷರವನ್ನು ಮುಟ್ಟಬಾರದೆನಿಸಿಕೊಂಡವರ ಮನೆಗೆ ಪುಸ್ತಕವೊಂದು ಬಂದುದು ಸಣ್ಣ ಸಂಗತಿಯಲ್ಲ. ಎಂಟು ಶತಮಾನಗಳ ಹಿಂದೆ ಇದೇ ಕಲ್ಯಾಣದಲ್ಲಿ ಸಮಗಾರ ಹರಳಯ್ಯನಂತಹವರು ಕುಳಿತಿದ್ದ ಸಾಲನ್ನು ನೆನೆದವರಿಗೆ, ಆ ಸಾಲು ನಡುವೆ ಎಲ್ಲಿ ಕಡಿಯಿತು ಎಂಬ ಪ್ರಶ್ನೆ ಬಾರದೆ ಇರದು.

1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಬ್ರಿಟಿಷ್ ಮೂಲದ ಮೆಥಡಿಸ್ಟರು, ಆಂಗ್ಲಿಕನ್ನರು, ಲಂಡನ್ ಮಿಶನ್ನಿನವರು ಅದರಲ್ಲಿ ಒಂದಾದರು. ಅಮೆರಿಕದ ಮೂಲದ ಮೆಥಡಿಸ್ಟರು ಹೊರಗೆ ಉಳಿದರು. ಆದ್ದರಿಂದಲೇ ಬೀದರಿನ ಸಭೆಗಳು ಇಂದಿಗೂ ಮೆಥಡಿಸ್ಟ್ ಎಂಬ ಹೆಸರನ್ನೇ ಹೊತ್ತಿವೆ. 1981ರಲ್ಲಿ ಅವು ಸ್ವಾಯತ್ತವಾದ ‘ಭಾರತದ ಮೆಥಡಿಸ್ಟ್ ಸಭೆ’ಯ ಅಂಗವಾದವು. ಇದರ ನಡುವೆ 1950ರ ರಾಷ್ಟ್ರಪತಿಗಳ ಆದೇಶ ಬಂದಿತು. ಪರಿಶಿಷ್ಟ ಜಾತಿಯ ಸ್ಥಾನವನ್ನು ಅದು ಹಿಂದೂಗಳಿಗೆ ಸೀಮಿತಗೊಳಿಸಿತು, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು, ಕ್ರೈಸ್ತರಿಗೆ ದೊರೆಯಲಿಲ್ಲ. ದೇವರ ಮುಂದೆ ಒಂದು ಹೆಸರು, ಸರಕಾರದ ಕಾಗದದಲ್ಲಿ ಇನ್ನೊಂದು ಎಂಬ ಇಕ್ಕಟ್ಟು ದಲಿತ ಕ್ರೈಸ್ತರ ಬದುಕಿನೊಳಗೆ ಹೊಕ್ಕಿತು. ಸಭೆಯೊಳಗೂ ಜಾತಿ ಅಳಿಯಲಿಲ್ಲ ಎಂದು ದಲಿತ ಕ್ರೈಸ್ತ ಚಿಂತಕರೇ ಬರೆದಿದ್ದಾರೆ. ಮೂರು ಗ್ರೀಕ್ ಪದಗಳಲ್ಲಿ ಕೊನೆಯದಾದ ಕೊಯಿನೊನಿಯ, ಒಂದೇ ಹಾಸಿನ ಮೇಲೆ ಕೂಡುವುದು, ಇಲ್ಲಿ ಸಭೆಯ ನಿಜವಾದ ಪರೀಕ್ಷೆಯಾಯಿತು. ಆ ಪರೀಕ್ಷೆ ಇನ್ನೂ ಮುಗಿದಿಲ್ಲ.

ಹೊರಗಿನವರ ಪ್ರಶ್ನೆ ಬೇರೊಂದು. ಧರ್ಮವನ್ನು ಸಾರುವ ಹಕ್ಕು ಎಲ್ಲಿಯವರೆಗೆ? ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರಿನಲ್ಲಿ ‘ಪ್ರಸಾರ’ ಎಂಬ ಒಂದು ಪದದ ಬಗ್ಗೆ ಬಿಸಿಬಿಸಿ ಚರ್ಚೆಯಾಯಿತು. ಪದ ಉಳಿಯಿತು; 25ನೆಯ ವಿಧಿಯಲ್ಲಿ ಧರ್ಮವನ್ನು ನಂಬುವ, ಆಚರಿಸುವ, ಪ್ರಸಾರ ಮಾಡುವ ಹಕ್ಕು ಸೇರಿತು. 1977ರಲ್ಲಿ ಸ್ಟ್ಯಾನಿಸ್ಲಾಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಪ್ರಸಾರದ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಅಡಕವಾಗಿಲ್ಲ ಎಂದು ತೀರ್ಪಿತ್ತಿತು. ಕಾನೂನಿನ ಈ ಗೆರೆಯ ಎರಡೂ ಕಡೆ ವಾದಿಸಲು ಬೇಕಾದಷ್ಟಿದೆ. ಮನಸ್ಸು ಬದಲಾಯಿಸುವವನ ಹಕ್ಕನ್ನು ಮರೆತು ಬದಲಾಯಿಸಿದವನ ತಪ್ಪನ್ನೇ ಹುಡುಕಿದರೆ, ಕೇರಿಯ ಮನುಷ್ಯ ತಾನಾಗಿ ಏನನ್ನೂ ತೀರ್ಮಾನಿಸಲಾರ ಎಂದು ಹೇಳಿದಂತಾಗುತ್ತದೆ. ಬದಲಾಯಿಸುವುದೇ ಕಾರ್ಯವೆಂದು ಸಭೆ ಹೊರಟರೆ, ನೆರೆಯವನು ನೆರೆಯವನಾಗಿ ಕಾಣದೆ ಗುರಿಯಾಗಿ ಕಾಣತೊಡಗುತ್ತಾನೆ.

ಈ ಎರಡನೆಯ ಅಪಾಯವನ್ನು ಸಭೆಯ ಒಳಗಿನಿಂದಲೇ ಕಂಡು ಹೇಳಿದವರಲ್ಲಿ ಒಬ್ಬರು ಕನ್ನಡ ನಾಡಿನವರು. ಸ್ಟ್ಯಾನ್ಲಿ ಸಮರ್ಥ 1920ರಲ್ಲಿ ಹುಟ್ಟಿದ್ದು ಕಾರ್ಕಳದಲ್ಲಿ. 1432ರಲ್ಲಿ ಪ್ರತಿಷ್ಠಾಪಿತನಾದ ಬಾಹುಬಲಿ ಬಂಡೆಯ ಮೇಲೆ ನಿಂತಿರುವ ಊರಿನಲ್ಲಿ. ಬಾಸೆಲ್ ಮಿಶನ್ ಪರಂಪರೆಯಲ್ಲಿ ಬೆಳೆದು, ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ಕಲಿಸಿ, ಮುಂದೆ ಜಿನೀವಾದ ವಿಶ್ವ ಸಭೆಗಳ ಮಂಡಳಿಯಲ್ಲಿ ಅನ್ಯಧರ್ಮೀಯರೊಡನೆ ಸಂವಾದಕ್ಕಾಗಿ 1971ರಲ್ಲಿ ರೂಪುಗೊಂಡ ವಿಭಾಗದ ಮೊದಲ ನಿರ್ದೇಶಕರಾದರು. ನೆರೆಯವನ ಧರ್ಮದೊಡನೆ ಸಂವಾದಕ್ಕೆ ಕುಳಿತವನು ಆ ಸಂವಾದವನ್ನು ಮತಾಂತರದ ಸಾಧನವಾಗಿ ಬಳಸಬಾರದು. ತನ್ನ ಶ್ರದ್ಧೆಯನ್ನು ಬಿಡಲೂ ಬೇಕಾಗಿಲ್ಲ ಎಂಬ ದಿಕ್ಕಿನಲ್ಲಿ ಅವರ ಚಿಂತನೆ ನಡೆಯಿತು. 1991ರ ಅವರ ಗ್ರಂಥದ ಹೆಸರೇ ಒಬ್ಬ ಕ್ರಿಸ್ತನನ್ನೂ ಹಲವು ಧರ್ಮಗಳನ್ನೂ ಒಟ್ಟಿಗೆ ಇಡುತ್ತದೆ. ಸಭೆಯೊಳಗೆ ಅವರ ನಿಲುವಿಗೆ ವಿರೋಧವೂ ಇತ್ತು. ಎಲ್ಲ ಧರ್ಮಗಳಿಗೂ ಅವಕಾಶವಿತ್ತರೆ ಮತ್ತಾಯನ ಆಜ್ಞೆಗೆ ಉಳಿಯುವ ಅರ್ಥವೇನು ಎಂದು ಕೇಳಿದವರ ಪ್ರಶ್ನೆಯೂ ತಳ್ಳಿಹಾಕುವಂಥದಲ್ಲ.

ಅನೇಕಾಂತವನ್ನು ಓದಿದವರು ಇಲ್ಲಿ ಒಡನೆಯೇ ಸಮರ್ಥರ ಕೈಹಿಡಿಯಲು ಧಾವಿಸಬಾರದು. ಅನೇಕಾಂತವು ಎಲ್ಲವೂ ಒಂದೇ ಎಂದು ಹೇಳುವುದಿಲ್ಲ. ಪ್ರತಿಯೊಂದು ಹೇಳಿಕೆಯೂ ಯಾವ ನಯದಿಂದ ಬಂದದ್ದೆಂದು ಕೇಳುತ್ತದೆ. ಜೈನ ತಾರ್ಕಿಕರು ಪರಮತಗಳನ್ನು ಖಂಡಿಸಿದ್ದಾರೆ, ತಮ್ಮ ದರ್ಶನವೇ ಸಮ್ಯಕ್ ಎಂದು ಸಾಧಿಸಿದ್ದಾರೆ. ಸಾರುವ ಧರ್ಮಗಳೆಲ್ಲವೂ ತಮ್ಮಲ್ಲಿ ಹೇಳತಕ್ಕದ್ದೊಂದು ಇದೆಯೆಂದು ನಂಬಿಯೇ ಸಾರುತ್ತವೆ. ಕನ್ನಡ ನಾಡು ಇದಕ್ಕೆ ಕೊಟ್ಟ ಉತ್ತರಗಳಲ್ಲಿ ಒಂದು 1368ರ ಬುಕ್ಕರಾಯನ ಶಾಸನದಲ್ಲಿದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವೆದ್ದಾಗ ಅರಸ ಯಾರ ಮತ ಸರಿಯೆಂದು ನಿರ್ಣಯಿಸಲು ಹೋಗಲಿಲ್ಲ. ಎರಡು ದರ್ಶನಗಳಿಗೂ ಭೇದವೆಣಿಸಕೂಡದೆಂದು ಹೇಳಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಬೆಳುಗುಳದ ದೇವರ ಕಾವಲಿನ ಹೊಣೆಯನ್ನೂ ವೈಷ್ಣವರಿಗೆ ವಹಿಸಿದ. ಯಾರೂ ಯಾರ ದೇವರನ್ನೂ ಒಪ್ಪಬೇಕಾಗಿ ಬರಲಿಲ್ಲ. ಒಬ್ಬರ ದೇವರನ್ನು ಇನ್ನೊಬ್ಬರು ಕಾಯಬೇಕಾಗಿ ಬಂದಿತು. ಅಬ್ಬಲೂರಿಗೂ ಬೆಳುಗುಳಕ್ಕೂ ನಡುವೆ ಇರುವ ಅಂತರ ಇದು.

ಕಿಟ್ಟೆಲರ ದುಡಿಮೆಯನ್ನು ಈ ಬೆಳಕಿನಲ್ಲಿ ಮತ್ತೊಮ್ಮೆ ನೋಡಬಹುದು. ಶಬ್ದಮಣಿದರ್ಪಣದ ಒಂದು ಅಕ್ಷರವೂ ಅವರ ಧರ್ಮದ್ದಲ್ಲ. ಅದರ ಕರ್ತೃವಿನ ದರ್ಶನವನ್ನು ಅವರು ಒಪ್ಪಿರಲಿಲ್ಲ. ಆದರೂ ಆ ಗ್ರಂಥ ಕೆಡದಂತೆ, ತಪ್ಪಿಲ್ಲದಂತೆ, ಮುಂದಿನವರಿಗೆ ದೊರೆಯುವಂತೆ ಕಾದರು. ಸಾರುವಿಕೆ ಎಂಬ ಕಾರ್ಯ ಅವರನ್ನು ಆ ಕಾವಲಿಗೆ ನಿಲ್ಲಿಸಿತು. ಸಭೆಯ ಮೂಲಕಾರ್ಯ ಯಾವುದೆಂದು ತೀರ್ಮಾನಿಸುವ ಅಧಿಕಾರ ಸಭೆಯದೇ. ಹೊರಗೆ ನಿಂತವರು ಹೇಳಬಹುದಾದದ್ದು ಇಷ್ಟು: ಈ ನಾಡಿನಲ್ಲಿ ಆ ಕಾರ್ಯ ಉಳಿದು ಬಂದಿರುವುದು ಕೇಳುವವನನ್ನು ಮೊದಲು ತಾನು ಕೇಳಿಸಿಕೊಂಡಲ್ಲಿ.

ನಿಘಂಟಿನ ಯಾವುದೇ ಪುಟವನ್ನು ತೆರೆದರೂ ಇದಕ್ಕೆ ಸಾಕ್ಷಿ ಸಿಗುತ್ತದೆ. ಒಂದು ಪದದ ಎದುರು ಶಬ್ದಮಣಿದರ್ಪಣದ ಸಂಕೇತಾಕ್ಷರವಿದ್ದರೆ, ಅದರ ಕೆಳಗಿನ ಪದದ ಎದುರು ಮೈಸೂರು ಸೀಮೆಯ ಬಳಕೆಯ ಮಾತೆಂಬ ಗುರುತಿರುತ್ತದೆ. ಜೈನ ವೈಯಾಕರಣನೂ ಹೆಸರಿಲ್ಲದ ಹೊಲಗೆಲಸದವನೂ ಒಂದೇ ಅಳತೆಯ ಅಚ್ಚಿನಲ್ಲಿ ಒಂದರ ಕೆಳಗೊಂದು ನಿಂತಿದ್ದಾರೆ. ಬೀದರ ಸೀಮೆಯ ನುಡಿಗೆ ಆ ಪುಟಗಳಲ್ಲಿ ದೊರೆತ ಜಾಗ ಕಡಿಮೆ. ಕೊಹಿನೂರದಂತಹ ಊರುಗಳ ಕೇರಿಗಳಲ್ಲಿ ಆಡುವ ಕನ್ನಡ, ಸಭೆಯ ಗೀತೆಗಳಲ್ಲಿ ಮರಾಠಿ, ಉರ್ದುಗಳೊಡನೆ ಬೆರೆತು ಉಳಿದಿರುವ ಕನ್ನಡ, ಇನ್ನೂ ತನ್ನ ಕೋಶಕಾರನಿಗಾ‌ಗಿ ಕಾಯುತ್ತಿದೆ. ಸಂಶೋಧನೆಗೆ ವಿಷಯವನ್ನರಸುವ ವಿದ್ಯಾರ್ಥಿಗಳು ಆ ಕೇರಿಗಳಿಗೆ ಹೋಗಿ ಕುಳಿತು ಕೇಳಿಸಿಕೊಂಡರೆ ಕಿಟ್ಟೆಲರಿಗೆ ಸಲ್ಲಬೇಕಾದ ಋಣದ ಒಂದು ಭಾಗವಾದರೂ ಸಂದೀತು.